ಅವಳ ಅಮ್ಮನಿಗೆ ಒಂದು ಥ್ಯಾಂಕ್ಸ್

ಈ ವಾರಕ್ಕೆ ನಮ್ಮ ಮದುವೆಯಾಗಿ 7 ವರ್ಷ. ಆಗ 10 ವರ್ಷದವಳಿದ್ದ ನನ್ನ ಗಂಡನ ಮಗಳಿಗೆ ಈಗ 17. ಅವಳು ಸಿಟ್ಟಿನಿಂದ ಬಾಗಿಲು ಬಡಿಯುವ ಸದ್ದು ಮನೆಯಲ್ಲಿ ನಿಂತು ತುಂಬಾ ದಿನವಾಯಿತು. ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು.

ಪೇಪರಿನಲ್ಲಿ ‘ಮಲತಾಯಿ ಧೋರಣೆ’ ಅನ್ನುವ ಮಾತು ಕಂಡಾಗಲೆಲ್ಲ ನನಗೆ ಚುಚ್ಚುತ್ತಿತ್ತು. ನಾನು ಹಾಗಲ್ಲ ಅಂತ ತೋರಿಸುವ ಆತುರ. ಮೊದಲ ತಿಂಗಳಲ್ಲೇ ‘ಅಮ್ಮ ಅಂತ ಕರಿ’ ಅಂದೆ. ಕೋಣೆ ಒಪ್ಪ ಮಾಡುತ್ತಾ ಮೇಜಿನ ಮೇಲಿದ್ದ ಅವಳ ಅಮ್ಮನ ಫೋಟೋ ತೆಗೆದು ಡ್ರಾಯರಿನಲ್ಲಿಟ್ಟೆ. ಹೋಮ್‌ವರ್ಕ್, ಮೊಬೈಲ್, ಮಲಗುವ ಹೊತ್ತು, ಎಲ್ಲದಕ್ಕೂ ಬೈದೆ. ಮೂರು ವಾರ ಅವಳು ನನ್ನ ಹತ್ತಿರ ಮಾತೇ ಆಡಲಿಲ್ಲ. ತಪ್ಪು ನನ್ನದೇ.

ನಮ್ಮ ಕೌನ್ಸೆಲರ್‌ಗೆ ಥ್ಯಾಂಕ್ಸ್. ‘ಬೈಯುವ ಕೆಲಸ ಸದ್ಯಕ್ಕೆ ಅವಳ ಅಪ್ಪನಿಗೆ ಬಿಡಿ, ನೀವು ಮೊದಲು ಅವಳ ಸ್ನೇಹ ಮಾಡಿಕೊಳ್ಳಿ’ ಅಂದರು. ಇಂಥ ಕುಟುಂಬಗಳ ಬಗ್ಗೆ ಅಧ್ಯಯನ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್ನೋ ಅವರ ಲೆಕ್ಕವನ್ನೂ ಹೇಳಿದರು. ಬೇಗ ಹೊಂದಿಕೊಳ್ಳುವ ಮನೆಗಳಿಗೇ ಸುಮಾರು 4 ವರ್ಷ ಬೇಕಂತೆ, ಸಾಮಾನ್ಯವಾಗಿ ಉಳಿದವಕ್ಕೆ ಸುಮಾರು 7. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಅತ್ತುಬಿಟ್ಟೆ. ಅವತ್ತಿನಿಂದ ಅವಳಿಗೆ ‘ಬೇಡ’ ಅಂತ ಹೇಳುವ ಕೆಲಸವನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡ ನನ್ನವರಿಗೂ ಥ್ಯಾಂಕ್ಸ್.

ಆದರೆ ಎಲ್ಲರಿಗಿಂತ ಜಾಸ್ತಿ ಋಣ ಇರುವುದು ಅವಳ ಅಮ್ಮನದು. ಅವರ ಮನೆಯಲ್ಲಿ ಎರಡು ದಿನ ಇದ್ದು ಬಂದರೆ ಸಾಕು, ಹುಡುಗಿ ಮುಖ ತಿರುಗಿಸುತ್ತಿದ್ದಳು. ಅವರೇ ಕಿವಿ ಊದುತ್ತಿದ್ದಾರೆ ಅಂತ ಎಷ್ಟು ಶಪಿಸಿದ್ದೆನೋ! ಒಂದು ಸಂಜೆ ಅವರೇ ಫೋನ್ ಮಾಡಿದರು. ‘ನಿಮ್ಮನ್ನ ಇಷ್ಟಪಟ್ಟರೆ ನನಗೆ ಮೋಸ ಮಾಡಿದ ಹಾಗೆ ಅಂದುಕೊಂಡಿದ್ದಾಳೆ ಕಣ್ರೀ. ಹಾಗೇನಿಲ್ಲ, ನಂಗೆ ಸಂತೋಷಾನೇ ಅಂತ ಹೇಳಿದ್ದೀನಿ’ ಅಂದರು. ಆ ಮಾತನ್ನು ಮಗಳಿಗೆ ಹೇಳುವಾಗ ಆ ತಾಯಿಗೆ ಒಳಗೆ ಏನಾಗಿರಬೇಕು, ಅಲ್ವಾ? ನನ್ನ ಕೈಲಿ ಆಗುತ್ತಿತ್ತೋ ಇಲ್ಲವೋ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಫೋಟೋವನ್ನು ಮತ್ತೆ ಮೇಜಿನ ಮೇಲಿಟ್ಟು ಅವಳ ಹತ್ತಿರ ಕ್ಷಮೆ ಕೇಳಿದೆ. ಏನೂ ಅನ್ನಲಿಲ್ಲ. ನಾಲ್ಕನೇ ವರ್ಷದಲ್ಲಿ ತಾನಾಗಿಯೇ ‘ಚಿಕ್ಕಮ್ಮಾ’ ಅಂತ ಕರೆದಳು.

ಅವಳ ಅಮ್ಮ ಫೋನ್ ಮಾಡಿದ್ದ ಆ ದಿನ ರಾತ್ರಿ ಅವರಿಂದ ಒಂದು ಮೆಸೇಜ್ ಬಂದಿತ್ತು: ‘ಅವಳಿಗೆ ತಲೆನೋವು ಬಂದರೆ ಲೈಟ್ ಆರಿಸಿ, ಸುಮ್ನೆ ಪಕ್ಕದಲ್ಲಿ ಕೂತಿರಿ. ಮಾತಾಡಿಸಬೇಡಿ.’ ಈಗಲೂ ಹಾಗೇ ಕೂರುತ್ತೇನೆ ಅಕ್ಕಾ.