ಅಕ್ಕನ ಚಿತ್ರ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಕೊನೆಗೂ ಅಕ್ಕನ ಚಿತ್ರ ಗೋಡೆಗೆ ಬಂತು. ಧಾರವಾಡ ಕಡೆಯ ಒಂದು ಸಾಂತ್ವನ ಕೇಂದ್ರದಲ್ಲಿ (ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವಾಗುವ ಜಾಗ), ಬಂದವರು ಕಾಯುತ್ತಾ ಕೂರುವ ಬೆಂಚಿನ ಎದುರಿಗೇ ಇದೆ.

ಮೊದಲ ಥ್ಯಾಂಕ್ಸ್ ಅಕ್ಕನಿಗೇ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟವರು. ಈಗ ಅದೇ ಸಂಕಟದಲ್ಲಿರುವ ಹೆಂಗಸರ ಜೊತೆ ಠಾಣೆ, ಕೋರ್ಟು ಅಂತ ಓಡಾಡುತ್ತಾರೆ. ಚಿತ್ರ ಶುರು ಮಾಡುವ ಮೊದಲೇ ಹೇಳಿಬಿಟ್ಟರು, "ಅತ್ತಿದ್ದು ಸಾಕಾಗೇತಿ ತಮ್ಮಾ, ಅಳೂ ಮಾರಿ ತಗೀಬ್ಯಾಡ."

ಅವರ ಎಡಗೈ ಕಿರುಬೆರಳು ಮುರಿದು, ಸೊಟ್ಟಗೇ ಕೂಡಿಕೊಂಡಿದೆ. ನೆಟ್ಟಗೆ ಬರೆಯಲಾ ಅಂತ ಕೇಳಿದೆ. "ಹೆಂಗ ಐತೋ ಹಂಗ ತಗಿ" ಅಂದರು. ಆ ಬೆರಳು ಫೈಲಿನ ದಾರ ಹಿಡಿದಿರುವ ಹಾಗೆ ಬರೆದೆ. ಮೈಬಣ್ಣಕ್ಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು) ಸಾಕಾಯಿತು. ಬೆರಳಿನ ಗಂಟಿನ ನೆರಳಿಗೆ ಮಾತ್ರ ಸ್ವಲ್ಪ ನೀಲಿ ಬೇಕಾಯಿತು.

ಕೂತಲ್ಲಿ ಕೂರುವ ಜೀವ ಅಲ್ಲ ಅದು. ಮಾತುಮಾತಿಗೂ ಫೋನು. ಬ್ರಷ್ ಹಿಡಿದುಕೊಂಡೇ ನಾನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕಲಿತೆ. ಗಂಡನ ಜೊತೆ ಬಾಳಿದ ಮನೆ ಯಾರ ಹೆಸರಲ್ಲೇ ಇರಲಿ, ಅಲ್ಲಿರುವ ಹಕ್ಕು ಹೆಂಡತಿಗಿದೆ. ಸುಮ್ನೆ ಹೊರಗೆ ಹಾಕೋ ಹಾಗಿಲ್ಲ. ಎಷ್ಟು ಜನಕ್ಕೆ ಇದು ಗೊತ್ತಿದೆ ಹೇಳಿ? ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ ನೆರವಿದೆ. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು ಅಂತಲೂ ಕಾಯ್ದೆಯಲ್ಲಿದೆ. ಆ 60 ದಿನದ ಮಾತು ಬಂದಾಗಲೆಲ್ಲ ಅಕ್ಕನ ತುಟಿಯ ಒಂದು ಮೂಲೆಯಲ್ಲಿ ನಗು ಬರುತ್ತಿತ್ತು. ಅದನ್ನೂ ಬಿಡದೆ ಬರೆದಿದ್ದೇನೆ.

ಸಾಗವಾನಿ ಫ್ರೇಮಿಗೆ ಬರೀ ಕಟ್ಟಿಗೆಯ ದುಡ್ಡು ತಗೊಂಡ ಬಡಿಗೇರ ಕಾಕಾ, ಕ್ಯಾನ್ವಾಸ್ ಕೊಡಿಸಿದ ಗೆಳೆಯರು, ಹೊತ್ತುಹೊತ್ತಿಗೆ ಚಹಾ ಕೊಟ್ಟ ಕೇಂದ್ರದ ಸಿಬ್ಬಂದಿ, ಎಲ್ಲರಿಗೂ ಶರಣು. ಮನೆಯೆಲ್ಲ ಟರ್ಪೆಂಟೈನ್ ನಾತ ಸಹಿಸಿದ ನನ್ನ ಹೆಂಡತಿಗೆ ಇನ್ನೂ ಸ್ವಲ್ಪ ಜಾಸ್ತಿ.

ಚಿತ್ರದ ಫೋಟೋ ಹಾಕು ಅಂತ ತುಂಬ ಜನ ಕೇಳಿದ್ದೀರಿ. ಹಾಕಲ್ಲ, ಬೇಜಾರು ಮಾಡ್ಕೋಬೇಡಿ. ಅಕ್ಕನ ಮೇಲೆ ಹಲ್ಲು ಮಸೆಯುವ ಗಂಡಂದಿರು ಇನ್ನೂ ಇದ್ದಾರೆ. ನಿಮಗೋ ಗೊತ್ತಿರುವವರಿಗೋ ಸಹಾಯ ಬೇಕಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ದುಡ್ಡು ಬೀಳಲ್ಲ.