ಮಾನ್ಯ ಶಾಸಕರೇ, ತಗುಲಿದರೆ ಬೀಳುವ ಹರ್ಡಲ್ಸ್ ಕೊಡಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸಾರ್. ನಾನು ನಿಮ್ಮ ಕ್ಷೇತ್ರದ ಮತದಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ನೌಕರಿಯಲ್ಲಿದ್ದಾಗ ಹೀಗೆ ಬಹಿರಂಗವಾಗಿ ಬರೆಯುವಂತಿರಲಿಲ್ಲ. ಬರೆದರೆ ನೋಟಿಸ್ ಬರುತ್ತಿತ್ತು. ಈಗ ಪಿಂಚಣಿ ಮಾತ್ರ ಬರುತ್ತೆ, ನೋಟಿಸ್ ಬರಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕು ಕ್ರೀಡಾಂಗಣಕ್ಕೆ ಕಾಲು ತಗುಲಿದರೆ ಬೀಳುವ ಹರ್ಡಲ್ಸ್ (ಓಟದ ದಾರಿಯಲ್ಲಿ ದಾಟೋಕೆ ಇಡುವ ಅಡ್ಡತಡೆಗಳು), ಹೈಜಂಪ್‌ಗೆ ಒಂದು ಫೋಮ್ ಬೆಡ್, ಲಾಂಗ್‌ಜಂಪ್ ಪಿಟ್‌ಗೆ ಒಳ್ಳೆಯ ಮರಳು. ಸಿಂಥೆಟಿಕ್ ಟ್ರ್ಯಾಕ್ ಕೇಳುತ್ತಿಲ್ಲ. ಅದನ್ನು ಹಿಂದಿನ ಎರಡೂ ಚುನಾವಣೆಯಲ್ಲಿ ನೀವು ಕೊಟ್ಟಾಗಿದೆ, ಭಾಷಣದಲ್ಲಿ.

ಹೋದ ವರ್ಷದ ತಾಲ್ಲೂಕು ಮಟ್ಟದ ಕ್ರೀಡಾಕೂಟ ನಿಮಗೆ ನೆನಪಿರಬಹುದು. ಉದ್ಘಾಟಿಸಿದ್ದು ನೀವೇ. ಕರಪತ್ರದಲ್ಲಿ ಬೆಳಿಗ್ಗೆ ಒಂಬತ್ತು ಅಂತಿತ್ತು. ನೀವು ಬಂದಾಗ ಹನ್ನೊಂದೂವರೆ. ಪಥಸಂಚಲನಕ್ಕೆ ನಿಂತ ಮಕ್ಕಳು ಅಲ್ಲಿಯವರೆಗೂ ಬಿಸಿಲಲ್ಲೇ ಇದ್ದರು. ಆಮೇಲೆ ಹಾರ, ಶಾಲು, ಮೈಸೂರು ಪೇಟ. ಆಮೇಲೆ ಭಾಷಣ. ಅಶ್ವಿನಿ ನಾಚಪ್ಪ ಅವರ ಹೆಸರು ಹೇಳಿದಿರಿ. ಉಸೇನ್ ಬೋಲ್ಟ್ ನಮ್ಮ ತಾಲ್ಲೂಕಲ್ಲೂ ಹುಟ್ಟಬೇಕು ಅಂದಿರಿ. ಚಪ್ಪಾಳೆ ಬಿತ್ತು. ನಿಮ್ಮ ಕಾರು ಗೇಟು ದಾಟಿದ ಮೇಲೆ ಮೊದಲ ಓಟಕ್ಕೆ ಸೀಟಿ ಊದಿದರು.

ಹೀಗಾಗಿ ಹುಡುಗಿಯರ ಹರ್ಡಲ್ಸ್ ನಡೆದದ್ದು ಸಂಜೆ, ಎಲ್ಲರೂ ಮನೆಗೆ ಹೊರಡುವ ಆತುರದಲ್ಲಿ. ನಾನು ಬೆಳಗಿನ ಹೊತ್ತು ಸುಮ್ನೆ ಕೂರಲಾರದೆ ಒಂದಷ್ಟು ಮಕ್ಕಳಿಗೆ ಕಲಿಸುತ್ತೇನೆ. ಆ ದಿನ ಓಡಿದವಳು ಅವರಲ್ಲೊಬ್ಬಳು, ಒಂಬತ್ತನೇ ಕ್ಲಾಸು. ಎರಡು ಹರ್ಡಲ್ ಚೆನ್ನಾಗಿಯೇ ದಾಟಿದಳು. ಮೂರನೆಯದಕ್ಕೆ ಮುಂದಿನ ಕಾಲಿನ ಹಿಮ್ಮಡಿ ಹರ್ಡಲ್‌ನ ಮೇಲಿನ ಅಡ್ಡಪಟ್ಟಿಗೆ ಸಿಕ್ಕಿತು. ಹರ್ಡಲ್ ಅಲ್ಲಾಡಲಿಲ್ಲ. ಕಾಲು ಅಲ್ಲೇ ನಿಂತಿತು, ಮೈ ಮುಂದಕ್ಕೆ ಹೋಯಿತು. ಬಲಗೈ ಊರಿ ಬಿದ್ದಳು. ಮುಂಗೈಯ ಎರಡೂ ಮೂಳೆ ಮುರಿದವು.

ಪ್ರಥಮ ಚಿಕಿತ್ಸೆಯ ಡಬ್ಬದಲ್ಲಿ ಒಂದು ಡೆಟಾಲ್ ಬಾಟಲಿ, ಒಂದಿಷ್ಟು ಹತ್ತಿ ಇತ್ತು. ಅಂಪೈರ್ ಕುರ್ಚಿಯಲ್ಲಿದ್ದ ರಟ್ಟಿನ ಪ್ಯಾಡನ್ನೇ ಕೈಗೆ ಕಟ್ಟಿ ಆಟೋದಲ್ಲಿ ಕರಕೊಂಡು ಹೋದೆವು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು ಮನೆಗೆ ಹೋಗಿದ್ದರು. ಜಿಲ್ಲಾ ಆಸ್ಪತ್ರೆ ಸೇರುವಾಗ ಕತ್ತಲಾಗಿತ್ತು. ಅವಳ ಅಮ್ಮ ಕಡಲೆಕಾಯಿ ಕೀಳೋ ಕೂಲಿಯಿಂದ ಹಾಗೇ ಬಂದಿದ್ದರು, ಕೈಯಲ್ಲಿನ್ನೂ ಮಣ್ಣಿತ್ತು. ನನ್ನನ್ನು ಬೈಯಲಿಲ್ಲ. "ಇನ್ಮೇಲೆ ಓಟ ಬ್ಯಾಡ ಬಿಡಿ ಮೇಷ್ಟ್ರೇ" ಅಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಮಾರನೇ ದಿನ ಮೈದಾನಕ್ಕೆ ಹೋಗಿ ನೋಡಿದೆ. ಹರ್ಡಲ್ಸ್ ಇನ್ನೂ ಹಾಗೇ ನಿಂತಿದ್ದವು, ಎಲ್ಲವೂ ಉಲ್ಟಾ! ಹರ್ಡಲ್‌ನ ಪಾದಗಳು ಓಡಿ ಬರುವವರ ಕಡೆಗೆ ಚಾಚಿರಬೇಕು. ಆಗ ಪಟ್ಟಿಗೆ ಕಾಲು ತಗುಲಿದರೆ ಅದು ಓಡುವ ದಿಕ್ಕಿಗೇ ಮಗುಚಿ ಬೀಳುತ್ತೆ, ಮಗು ಮುಂದೆ ಓಡುತ್ತೆ. ಪಾದ ಆಚೆ ಕಡೆಗಿದ್ದರೆ ಅದು ಮಗುಚಲ್ಲ, ಬೇಲಿಯ ಹಾಗೆ ನಿಲ್ಲುತ್ತೆ. ಯಾಕೆ ಹೀಗಿಟ್ಟಿರಿ ಅಂತ ವ್ಯವಸ್ಥೆ ನೋಡಿಕೊಂಡವರೊಬ್ಬರನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಸರಿಯಾಗಿಟ್ರೆ ಮಕ್ಕಳು ಬೀಳಿಸ್ತಾನೇ ಇರ್ತಾರೆ ಸಾರ್. ಪ್ರತಿ ಸಲ ಎತ್ತಿ ನಿಲ್ಸೋಕೆ ಯಾರಿದಾರೆ?"

ನಿಯಮ ನಿಮಗೆ ಗೊತ್ತಿರುತ್ತೆ, ತಾಲ್ಲೂಕು ಕ್ರೀಡಾಕೂಟ ಸಮಿತಿಯ ಅಧ್ಯಕ್ಷರ ಜಾಗದಲ್ಲಿ ನಿಮ್ಮದೇ ಹೆಸರಿತ್ತಲ್ವಾ. ಪಟ್ಟಿಯ ಮೇಲಂಚಿನ ನಡುವೆ 3.6ರಿಂದ 4 ಕಿಲೋ ಭಾರದಷ್ಟು ತಳ್ಳಿದರೆ ಹರ್ಡಲ್ ಬೀಳಬೇಕು. ಹರ್ಡಲ್ ಬಿದ್ದರೆ ಫೌಲೂ ಅಲ್ಲ. ಬೇಕಂತಲೇ ಕೆಡವದಿದ್ದರೆ ಒಂದು ಲೇನಿನ ಹತ್ತು ಹರ್ಡಲ್‌ಗಳೂ ಬಿದ್ದರೂ ಓಟ ಲೆಕ್ಕಕ್ಕೆ ಬರುತ್ತೆ. ಬೀಳಲಿ ಅಂತಲೇ ಮಾಡಿರುವ ವಸ್ತುವನ್ನು ಬೀಳದ ಹಾಗೆ ನಿಲ್ಲಿಸುವ ಬುದ್ಧಿ ನಮ್ಮವರಿಗೆ ಮಾತ್ರ ಬಂದೀತು.

ಸರಿಯಾಗಿ ತಿರುಗಿಸಿಟ್ಟಿದ್ದರೂ ಅವು ಸುಲಭವಾಗಿ ಬೀಳುತ್ತಿರಲಿಲ್ಲ ಬಿಡಿ. ವೆಲ್ಡಿಂಗ್ ಶಾಪಿನಲ್ಲಿ ನೀರಿನ ಪೈಪು ಬೆಸೆದು ಮಾಡಿಸಿದವು. ಒಂದನ್ನು ಎತ್ತೋಕೆ ಇಬ್ಬರು ಹುಡುಗರು ಬೇಕು. ಎತ್ತರ ಏರಿಸಿ ಇಳಿಸುವ ವ್ಯವಸ್ಥೆ ಇಲ್ಲ. 18ರೊಳಗಿನ ಹುಡುಗಿಯರ 100 ಮೀಟರ್ ಹರ್ಡಲ್ಸ್‌ಗೆ ಎತ್ತರ 76.2 ಸೆಂಟಿಮೀಟರ್, ಹುಡುಗರ 110 ಮೀಟರ್‌ಗೆ 91.4. ಅಂದರೆ ಎರಡೂವರೆ ಅಡಿ, ಮೂರು ಅಡಿ. ನಮ್ಮಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಮೂರಡಿಯೇ. ಸಮಾನತೆ! ಅಂದ ಹಾಗೆ ಆ ಪಟ್ಟಿಗಳ ಮೇಲೆ ನೀಲಿ ಬಣ್ಣದಲ್ಲಿ "ಶಾಸಕರ ಅನುದಾನ" ಅಂತ ಬರೆಸಿದ್ದಾರೆ, ಪಕ್ಕದಲ್ಲೇ ನಿಮ್ಮ ಹೆಸರು. ಆ ಹುಡುಗಿಯ ಕಾಲು ಸಿಕ್ಕಿಕೊಂಡದ್ದು ಅದಕ್ಕೇ ಸಾರ್.

ಬೀಳುವ ಹರ್ಡಲ್ಸ್ ಕೊಡಿಸಿ ಅಂತ ಪದೇ ಪದೇ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ಹರ್ಡಲ್ಸ್ ಹಾರುವ ಆಟ ಅಲ್ಲ, ಓಡುವ ಆಟ. ಹುಡುಗಿಯರ ಓಟದಲ್ಲಿ ಮೊದಲ ಹರ್ಡಲ್‌ಗೆ 13 ಮೀಟರ್, ಆಮೇಲೆ ಒಂದರಿಂದ ಇನ್ನೊಂದಕ್ಕೆ 8.5 ಮೀಟರ್. ನಡುವೆ ಮೂರೇ ಹೆಜ್ಜೆ. ಒಂದು, ಎರಡು, ಮೂರು, ದಾಟು. ಈ ತಾಳ ಕೂತುಬಿಟ್ಟರೆ ಅರ್ಧ ಕಲಿತ ಹಾಗೆ. ಹರ್ಡಲ್‌ಗೆ ಹತ್ತಿರ ಬಂದು ನೆಗೆಯಬಾರದು, ದೂರದಿಂದಲೇ ಮೊಣಕಾಲು ನುಗ್ಗಿಸಬೇಕು. ಹಿಂದಿನ ಕಾಲನ್ನು ಪಕ್ಕಕ್ಕೆ ಮಡಚಿ ಎಳೆದುಕೊಂಡು ತಕ್ಷಣ ಮುಂದಿನ ಹೆಜ್ಜೆಗೆ ಇಳಿಸಬೇಕು. ಇದೆಲ್ಲ ಬರುವುದು ಭಯ ಇಲ್ಲದಿದ್ದರೆ ಮಾತ್ರ. ಕಬ್ಬಿಣ ನೋಡಿದ ಮಗು ಕೊನೇ ಗಳಿಗೆಯಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತೆ, ನಿಂತು ನೆಗೆಯುತ್ತೆ, ಮೂರು ಹೆಜ್ಜೆ ಐದಾಗುತ್ತೆ. ಅಲ್ಲಿಗೆ ಮುಗಿಯಿತು. ನಾವು ಅಭ್ಯಾಸಕ್ಕೆ ಇಟ್ಟಿಗೆ ಪೇರಿಸಿ ಮೇಲೆ ಬಿದಿರಿನ ಗಳು ಇಡುತ್ತೇವೆ. ತಗುಲಿದರೆ ಗಳು ಉರುಳುತ್ತೆ, ಹೆಚ್ಚೆಂದರೆ ಚರ್ಮ ತರಚುತ್ತೆ. ನಿಮ್ಮ ಅನುದಾನದ ಹರ್ಡಲ್‌ಗಿಂತ ನಮ್ಮ ಬಿದಿರೇ ನಿಯಮಕ್ಕೆ ಹತ್ತಿರ.

ಸ್ಪ್ರಿಂಟ್ ಹೇಗೋ ನಡೆಯುತ್ತೆ. ಸ್ಟಾರ್ಟಿಂಗ್ ಬ್ಲಾಕ್ ಇಲ್ಲದಿದ್ದರೆ ಮಣ್ಣಲ್ಲಿ ಎರಡು ಗುಂಡಿ ತೋಡಿ ಕಾಲಿಡಿಸುತ್ತೇವೆ. ಎದ್ದ ತಕ್ಷಣ ತಲೆ ಎತ್ತಬೇಡ, ಕೈ ಅಡ್ಡಡ್ಡ ಬೀಸಬೇಡ ಅಂತ ಹೇಳಿಕೊಡೋಕೆ ದುಡ್ಡು ಬೇಕಿಲ್ಲ. ಆದರೆ ಹೈಜಂಪ್? ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು 1968ರಲ್ಲಿ. ಈಗ ಎಲ್ಲರೂ ಹಾರುವುದು ಹಾಗೇ. ನಮ್ಮ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ್ದೂ ಹಾಗೇ. ನಮ್ಮ ತಾಲ್ಲೂಕಲ್ಲಿ ಇವತ್ತಿಗೂ ಕಾಲನ್ನು ಕತ್ತರಿಯ ಹಾಗೆ ಆಡಿಸಿ ದಾಟುವ ಕತ್ತರಿ ಜಂಪೇ, ಯಾಕೆಂದರೆ ಬೀಳುವುದು ಮರಳಿನ ಮೇಲೆ. ಮರಳಿನ ಮೇಲೆ ಬೆನ್ನು ಹಾಕಿ ಬೀಳು ಅಂತ ಯಾವ ಮಗುವಿಗೆ ಹೇಳಲಿ? ಕತ್ತಿನ ಗತಿ ಏನು? ಒಮ್ಮೆ ನಮ್ಮ ಹುಡುಗನೊಬ್ಬ ಕತ್ತರಿ ಜಂಪಲ್ಲೇ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋದ. ಅಲ್ಲಿ ಫೋಮ್ ಬೆಡ್ ನೋಡಿದ್ದೇ ಅದರ ಪಕ್ಕ ನಿಂತು ಕೈಯಿಂದ ಒತ್ತಿ ನೋಡಿದ. "ಸಾರ್, ಶೂ ಬಿಚ್ಚಿ ಹತ್ತಬೇಕಾ?" ಅಂತ ಕೇಳಿದ. ಜೊತೆಯವರು ನಕ್ಕರು. ಅವನು ಮೂರೂ ಅವಕಾಶ ಕಳಕೊಂಡು ಬಂದ.

ಲಾಂಗ್‌ಜಂಪ್ ಪಿಟ್‌ನ ಕಥೆ ಕೇಳಿದರೆ ನಗು ಬರುತ್ತೆ. ಪಿಟ್‌ಗೆ ಮರಳು ಬೇಕು ಅಂತ ಅರ್ಜಿ ಕೊಟ್ಟಾಗ ಗುತ್ತಿಗೆದಾರರು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಹೊಯ್ಸಿ ಹೋದರು. ಒಂದು ಮಳೆ ಬಿದ್ದು ಬಿಸಿಲು ಕಾದರೆ ಅದು ಕಾಂಕ್ರೀಟೇ. ಗುದ್ದಲಿ ಹಾಕಿದರೆ ಕಿಡಿ ಬರುವುದೊಂದು ಬಾಕಿ. ಹಾರಿದ ಮಕ್ಕಳ ಹಿಮ್ಮಡಿ ಬಿರಿಯುತ್ತೆ, ಮೊಣಕೈ ತರಚುತ್ತೆ. ನದಿ ಮರಳು ಸಿಗಲ್ಲ, ನಿರ್ಬಂಧ ಇದೆ ಅಂತಾರೆ. ನಿರ್ಬಂಧ ಇರೋದು ನಿಜ. ರಾತ್ರಿ ಎರಡು ಗಂಟೆಗೆ ನಮ್ಮ ಬೀದಿಯಲ್ಲಿ ಟಾರ್ಪಾಲು ಹೊದ್ದು ಹೋಗುವ ಟ್ರ್ಯಾಕ್ಟರ್‌ಗಳಲ್ಲಿ ಅಕ್ಕಿ ಇರಬಹುದು. ನನಗ್ಯಾಕೆ.

ಹಣ ಇಲ್ಲ ಅಂತ ಮಾತ್ರ ಹೇಳಬೇಡಿ. ಅದೇ ಕ್ರೀಡಾಂಗಣಕ್ಕೆ ನಿಮ್ಮ ನಿಧಿಯಲ್ಲೇ ಸ್ವಾಗತ ಕಮಾನು ಬಂತು, ವೇದಿಕೆಗೆ ಗ್ರಾನೈಟ್ ಬಂತು. ಟೆಂಡರ್ ತಡ ಆಗುತ್ತೆ ಅಂತಲೂ ಹೇಳಬೇಡಿ. ತುರ್ತು ಅಂತ ತೋರಿಸಿ ಟೆಂಡರ್ ಇಲ್ಲದೆ ಕೆಲಸ ಮಾಡಿಸುವ, ಟೆಂಡರ್ ಕಾಯ್ದೆಯ 4(ಜಿ) ದಾರಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಮಾನು ತುರ್ತು ಅಂತಾದರೆ ಮಗುವಿನ ಕೈಮೂಳೆ ಏನು?

ಮೇಷ್ಟ್ರು ಕಲಿಸಲ್ಲ ಅಂತ ಕೆಲವರು ಹೇಳುತ್ತಾರೆ. ಕಲಿಸೋಕೆ ಅವರು ಮೈದಾನದಲ್ಲಿ ಇರಬೇಕಲ್ಲ? ಬೆಳಿಗ್ಗೆ ಹಾಲು ಕಾಯಿಸಿದ್ದು ಲೆಕ್ಕ, ಮಧ್ಯಾಹ್ನ ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಸಂಜೆ ಮತದಾರರ ಪಟ್ಟಿಯ ಬಿ.ಎಲ್.ಓ. ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಜಾತಿ ಸಮೀಕ್ಷೆ ಶುರುವಾದಾಗ ಮೈದಾನದಲ್ಲಿರಬೇಕಾದವರು ಮೊಬೈಲ್ ಹಿಡಿದು ಮನೆ ಮನೆ ಬಾಗಿಲಲ್ಲಿದ್ದರು. ಕ್ರೀಡಾಕೂಟದ ದಿನಾಂಕ ಬಂದ ಮೇಲೆ ಸಿಗುವ ಒಂದೆರಡು ವಾರದಲ್ಲಿ ಕಬಡ್ಡಿ, ಖೋಖೋ, ಥ್ರೋಬಾಲ್ ಎಲ್ಲ ಮುಗಿಸಿ ಹರ್ಡಲ್ಸ್ ಯಾವಾಗ ಕಲಿಸೋದು? ನಮ್ಮಲ್ಲಿ ಹೋಬಳಿ ಮಟ್ಟದಲ್ಲಿ ಹರ್ಡಲ್ಸ್ ನಡೆಸುವುದೇ ಇಲ್ಲ, ಹರ್ಡಲ್ ಇದ್ದರೆ ತಾನೇ. ಮಕ್ಕಳು ಹೆಸರು ಕೊಟ್ಟು ನೇರ ತಾಲ್ಲೂಕಿಗೆ ಬರುತ್ತಾರೆ. ಎಷ್ಟೋ ಮಕ್ಕಳು ಹರ್ಡಲ್ ಅನ್ನು ಮೊದಲು ನೋಡುವುದೇ ಓಟದ ಸಾಲಿನಲ್ಲಿ ನಿಂತಾಗ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದಾಗ ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಸುದ್ದಿ ಓದಿಸಿದ್ದೆ. ಅವತ್ತು ಸಂಜೆ ಮಕ್ಕಳು ತಾವೇ ಇಟ್ಟಿಗೆ ಹೊತ್ತು ತಂದು ಸಾಲಾಗಿ ಪೇರಿಸಿದ್ದರು. ಹಳ್ಳಿ ಮಕ್ಕಳಿಗೆ ಆಸೆ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ನಾನು ಹಿಂದೆ ಕೊಟ್ಟ ಅರ್ಜಿಗಳಿಗೆಲ್ಲ "ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳಲಾಗುವುದು" ಅಂತ ಒಂದೇ ಉತ್ತರ ಬಂತು. ಪರಿಶೀಲನೆ ಇಷ್ಟು ವರ್ಷ ನಡೆದಿದೆ ಅಂದರೆ ಬಹಳ ಆಳವಾಗಿಯೇ ನಡೆದಿರಬೇಕು. ಕೈಮುರಿದ ಹುಡುಗಿಯ ವಿಷಯದಲ್ಲಿ ವರದಿಯೂ ಇಲ್ಲ, ಪರಿಹಾರವೂ ಇಲ್ಲ. ಒಂದು ಸರ್ಟಿಫಿಕೇಟ್ ಮಾತ್ರ ಬಂದಿದೆ, "ಭಾಗವಹಿಸಿದ್ದಾರೆ" ಅಂತ. ಕೆಳಗೆ ನಿಮ್ಮ ಅಚ್ಚು ಸಹಿ.

ಆದ್ದರಿಂದ ಮತ್ತೆ ಅದನ್ನೇ ಕೇಳುತ್ತೇನೆ. ಎತ್ತರ ಏರಿಸಿ ಇಳಿಸಬಹುದಾದ, ತಗುಲಿದರೆ ಬೀಳುವ ಹರ್ಡಲ್ಸ್ ಕೊಡಿಸಿ. ಎಲ್ಲ ಲೇನಿಗೂ ಒಟ್ಟಿಗೆ ಆಗದಿದ್ದರೆ ಅಭ್ಯಾಸಕ್ಕೆ ಮೊದಲು ಎರಡು ಲೇನಿಗೆ ಇಪ್ಪತ್ತು ಕೊಡಿಸಿ. ಒಂದು ಫೋಮ್ ಬೆಡ್ ಕೊಡಿಸಿ, ಮಳೆಗೆ ನೆನೆಯದ ಹಾಗೆ ಇಡೋಕೆ ಒಂದು ಶೆಡ್ ಸಮೇತ. ಪಿಟ್‌ನಲ್ಲಿರುವ ಎಂ-ಸ್ಯಾಂಡ್ ತೆಗೆಸಿ ಮರಳು ಹಾಕಿಸಿ. ಬೇಕಾದರೆ ಎಲ್ಲದರ ಮೇಲೂ ನಿಮ್ಮ ಹೆಸರು ದೊಡ್ಡದಾಗಿ ಬರೆಸಿ, ನನ್ನ ತಕರಾರಿಲ್ಲ. ಆ ಹಳೇ ಕಬ್ಬಿಣವನ್ನು ಮಾತ್ರ ಗುಜರಿಗೆ ಹಾಕಿಸಿ.

ಈ ಸಲದ ಕ್ರೀಡಾಕೂಟಕ್ಕೂ ಮುಖ್ಯ ಅತಿಥಿ ನೀವೇ ಅಂತ ಕೇಳಿದೆ. ಬನ್ನಿ. ಹಾರ ಹಾಕಿಸಿಕೊಂಡ ಮೇಲೆ ವೇದಿಕೆಯಿಂದ ಇಳಿದು ಓಟದ ಸಾಲಿಗೆ ಬಂದು ಒಂದು ಹರ್ಡಲ್‌ನ ಪಟ್ಟಿಯನ್ನು ಒಂದೇ ಕೈಯಿಂದ ತಳ್ಳಿ ನೋಡಿ. ಬೀಳದಿದ್ದರೆ ಆ ಓಟ ನಿಲ್ಲಿಸಿ. ನಿಲ್ಲಿಸುವ ಅಧಿಕಾರ ಅಲ್ಲಿ ಇರುವುದು ನಿಮಗೊಬ್ಬರಿಗೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು

ವಿ.ಸೂ.: ಈ ಪತ್ರದ ಪ್ರತಿಯನ್ನು ಯಾವ ಕಚೇರಿಗೂ ಕಳಿಸಿಲ್ಲ. ಹಿಂದಿನ ಪ್ರತಿಗಳೇ ಅಲ್ಲಿ ಭದ್ರವಾಗಿವೆ.