ಆಸ್ಪತ್ರೆಯ ವಾರ್ಡ್ ಆಯಾ, ಅಟೆಂಡರ್ ಕೆಲಸಕ್ಕೆ ಸೇರುವವರ ಗಮನಕ್ಕೆ

ಹಾಸನ, ಆಲೂರು, ಅರಕಲಗೂಡು ಕಡೆಯ ಸದಸ್ಯರೇ,

ಏಜೆನ್ಸಿ ಮೂಲಕ ಸೇರುವವರು ನೇಮಕದ ಪತ್ರ ಕೈಗೆ ಬಾರದೆ ಡ್ಯೂಟಿಗೆ ಹೋಗಬೇಡಿ. ಅದರಲ್ಲಿ ಸಂಬಳ, ಪಾಳಿಯ ಗಂಟೆ, ವಾರದ ರಜೆ ಇರಲಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಅನ್ವಯ: ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25. ಸಂಬಳದಲ್ಲಿ ಹಿಡಿದದ್ದು ನಿಮ್ಮ ಖಾತೆಗೆ ಕಟ್ಟಿದ್ದಾರೋ ಇಲ್ಲವೋ ಪ್ರತಿ ತಿಂಗಳೂ ನೋಡಿ. ಪಿಎಫ್‌ಗೂ ಅಷ್ಟೇ.

ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಯಕೃತ್ತಿನ ಸೋಂಕು) ಲಸಿಕೆ ಕೇಳಿ ಹಾಕಿಸಿಕೊಳ್ಳಿ: ಮೊದಲ ಡೋಸ್, 1 ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ 6 ತಿಂಗಳಿಗೆ ಮೂರನೆಯದು. ಮೂರನೆಯದನ್ನೇ ಬಹಳ ಜನ ಮರೆಯುತ್ತಾರೆ. ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಎರಡೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಹೊಣೆ.

ಸೂಜಿ ಬಿಳಿ ಡಬ್ಬಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ ಪೈಪು ಕೆಂಪು ಚೀಲಕ್ಕೆ. ಹಳದಿ ಚೀಲದಲ್ಲಿ ಸೂಜಿ ಬಿದ್ದರೆ ಚುಚ್ಚುವುದು ಅದನ್ನು ಎತ್ತುವ ನಿಮ್ಮ ಕೈಗೇ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ.

ಚುಚ್ಚಿದರೆ ಗಾಯ ಹಿಂಡಬೇಡಿ, ಬಾಯಿಗಿಡಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ. ಎಚ್‌ಐವಿ ತಡೆ ಮಾತ್ರೆ ಬೇಕೆಂದು ಡಾಕ್ಟರ್ ಹೇಳಿದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ಬಿಡದೆ ನುಂಗಬೇಕು. ಬೈಯುತ್ತಾರೆಂದು ದಯವಿಟ್ಟು ಮುಚ್ಚಿಡಬೇಡಿ.